ಜಾವಾದ ಬೀರು, ಕಾಗದದ ದೀಪ, ಬೈಲಕುಪ್ಪೆಯ ಜಮಖಾನೆ: ಏಷ್ಯಾ ಶೈಲಿಯ ಗೃಹಾಲಂಕಾರದ ಒಂದು ವಿಮರ್ಶೆ

ಬೆಂಗಳೂರಿನ ದೊಡ್ಡ ಪೀಠೋಪಕರಣ ಮಳಿಗೆಗಳಲ್ಲಿ ಈಗ ‘ಏಷ್ಯನ್ ಸ್ಟೈಲ್’ ಎಂಬ ಫಲಕದ ಕೆಳಗೆ ಒಂದು ಇಡೀ ಭಾಗವೇ ಮೀಸಲಾಗಿರುತ್ತದೆ. ಜಾವಾದ ತೇಗದ ಬೀರು, ಚೀನಾದ ದುಂಡು ತೋಳಿನ ಕುರ್ಚಿ, ಜಪಾನಿನ ತಗ್ಗು ಮಂಚ, ಬರ್ಮಾದ ಮೆರುಗಿನ ಬಟ್ಟಲು, ಥಾಯ್ಲೆಂಡ್ ಮಾದರಿಯ ಬುದ್ಧನ ತಲೆ ಇವೆಲ್ಲವನ್ನೂ ಅಲ್ಲಿ ಒಂದೇ ಮನೆತನದ ವಸ್ತುಗಳೆಂಬಂತೆ ಒಟ್ಟಿಗೆ ಜೋಡಿಸಿಟ್ಟಿರುತ್ತಾರೆ. ಆದರೆ ಇವು ಬೇರೆ ಬೇರೆ ಹವೆಯಲ್ಲಿ, ಬೇರೆ ಬೇರೆ ರೀತಿಯಲ್ಲಿ ಕೂತು ಏಳುವ ಜನರಿಗಾಗಿ ಹುಟ್ಟಿದ ವಸ್ತುಗಳು. ನಮ್ಮ ಮನೆಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ತೀರ್ಮಾನಿಸಬೇಕಾದದ್ದು ಮರ ಯಾವುದು, ಜೋಡಣೆ ಹೇಗಿದೆ, ಮೇಲಿನ ಲೇಪ ಏನು ಎಂಬ ಮೂರು ಪ್ರಶ್ನೆಗಳಿಂದ. ಮಳಿಗೆಯ ಬೆಳಕಿನಲ್ಲಿ ಅದು ಎಷ್ಟು ಚೆಂದ ಕಾಣುತ್ತದೆ ಎಂಬುದು ಆಮೇಲಿನ ಮಾತು. ಬೆಂಗಳೂರಿನ ನಮ್ಮ ಫ್ಲ್ಯಾಟಿಗೂ ಉಡುಪಿಯ ಸಮೀಪದ ಹಿರಿಯರ ಮನೆಗೂ ಇಂತಹ ಹಲವು ವಸ್ತುಗಳನ್ನು ಕೊಂಡು, ಬೇಸಿಗೆ ಮಳೆಗಾಲಗಳಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೆಚ್ಚಿನವನ್ನು ಕೊಂಡದ್ದು ನಗರದ ಹೊರವಲಯದ ಒಂದು ಆಮದು ಮಳಿಗೆಯಲ್ಲಿ. ಕೆಲವನ್ನು ನಮ್ಮ ರಾಜ್ಯದ ಕುಶಲಕರ್ಮಿಗಳಿಂದಲೇ ತಂದೆವು.

ಮೊದಲು ಜಾವಾದ ಬೀರುವಿನ ವಿಚಾರ, ಏಕೆಂದರೆ ಖರ್ಚಿನಲ್ಲಿಯೂ ತೃಪ್ತಿಯಲ್ಲಿಯೂ ಅದೇ ದೊಡ್ಡದು. ಮಧ್ಯ ಜಾವಾದ ಜೆಪಾರಾ ಮರಗೆತ್ತನೆಗೆ ಹೆಸರಾದ ಊರು. ಇಂಡೋನೇಷ್ಯಾದ ಸ್ತ್ರೀಶಿಕ್ಷಣದ ಹೋರಾಟಗಾರ್ತಿ ಕಾರ್ತಿನಿ 1879ರಲ್ಲಿ ಹುಟ್ಟಿದ್ದು ಅದೇ ಪ್ರಾಂತ್ಯದಲ್ಲಿ; ಅಲ್ಲಿನ ಕೆತ್ತನೆಗಾರರ ಕೆಲಸಕ್ಕೆ ಹೊರಗಿನ ಮಾರುಕಟ್ಟೆ ದೊರಕಿಸಿಕೊಡಲು ಆಕೆ ಶ್ರಮಿಸಿದ್ದರು. ಇಂದಿಗೂ ಆ ಊರಿನಿಂದ ಪ್ರಪಂಚದ ಮೂಲೆಮೂಲೆಗೆ ಮರದ ಸಾಮಾನು ಹೋಗುತ್ತದೆ. ನಮ್ಮ ಬೀರುವಿನ ಚೌಕಟ್ಟು ತೇಗದ್ದು, ಬಾಗಿಲಿನ ಹಲಗೆಗಳು ಕಪ್ಪುಗೆಂಪಿನ ಇನ್ನೊಂದು ಮರದ್ದು. ಮಳಿಗೆಯವರು ಅದನ್ನು ‘ಸೋನೋಕೆಲಿಂಗ್’ ಎಂಬ ಅಪರೂಪದ ಜಾವಾ ಮರವೆಂದು ಪರಿಚಯಿಸಿದರು. ಅದು ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಎಂಬ ಒಂದೇ ಹೆಸರು. ಜಾವಾದಲ್ಲಿ ಅದನ್ನು ನೆಡುತೋಪುಗಳಲ್ಲಿಯೂ ಬೆಳೆಸುತ್ತಾರೆ. ಮೈಸೂರಿನ ಕುಸುರಿ ಕೆಲಸದವರು ತಲೆಮಾರುಗಳಿಂದ ಆನೆ, ಅರಮನೆ, ಹೂಬಳ್ಳಿಗಳ ಚಿತ್ರಗಳನ್ನು ಕೂರಿಸುತ್ತ ಬಂದಿರುವುದು ಇದೇ ಮರದ ಮೇಲೆ. ಚೀನಾದವರು ಬೆಲೆಬಾಳುವ ಕೆಂಪು ಮರಗಳ ಅಧಿಕೃತ ಪಟ್ಟಿಯಲ್ಲಿಯೂ ಈ ಬೀಟೆಯನ್ನು ಸೇರಿಸಿದ್ದಾರೆ. ಅವರು ಎಲ್ಲಕ್ಕಿಂತ ಹೆಚ್ಚು ಬೆಲೆ ಕಟ್ಟುವ ಹ್ವಾಂಗ್‌ಹ್ವಾಲಿ ಕೂಡ ಇದರ ಕುಲಕ್ಕೇ ಸೇರಿದ ಮರ. 2017ರಿಂದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣದಲ್ಲಿವೆ. ಆದ್ದರಿಂದ ಇಂತಹ ಮರದ ಸಾಮಾನನ್ನು ಕೊಳ್ಳುವವರು ಆಮದಿನ ಕಾಗದಪತ್ರವನ್ನು ಕೇಳಿ ನೋಡುವುದು ಸಂಕೋಚಪಡಬೇಕಾದ ವಿಷಯವಲ್ಲ. ನಮ್ಮ ಮಳಿಗೆಯವರು ಕೇಳಿದ ಕೂಡಲೇ ತೋರಿಸಿದರು. ಅವರ ಮೇಲೆ ನಂಬಿಕೆ ಹುಟ್ಟಲು ಅದೂ ಒಂದು ಕಾರಣ.

ಈ ಬೀರುವಿನ ಬಾಗಿಲನ್ನು ಹತ್ತಿರದಿಂದ ನೋಡಿದರೆ ಅದರ ಗುಣ ತಿಳಿಯುತ್ತದೆ. ನಾಲ್ಕು ಪಟ್ಟಿಗಳ ಚೌಕಟ್ಟಿನ ಒಳಬದಿಯಲ್ಲಿ ಸಣ್ಣ ತೋಡೊಂದನ್ನು ಕೊರೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಆ ತೋಡಿನೊಳಗೆ ಕೂರಿಸಿದ್ದಾರೆ. ಹಲಗೆಯ ಅಂಚಿನ ಸುತ್ತ ಕೂದಲೆಳೆಯಷ್ಟು ಜಾಗ ಬಿಟ್ಟಿದ್ದಾರೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಗಾಳಿ ಒಣಗಿದಾಗ ಆ ಹಲಗೆ ಕುಗ್ಗುತ್ತದೆ. ಆಗ ಅಂಚಿನಲ್ಲಿ ಪಾಲಿಶ್ ತಾಗದ ತಿಳಿಬಣ್ಣದ ಸಣ್ಣ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಜುಲೈ ಹೊತ್ತಿಗೆ ಹಲಗೆ ತೇವ ಕುಡಿದು ಹಿಗ್ಗಿ ಆ ಗೆರೆ ಮಾಯವಾಗುತ್ತದೆ. ಮರ ಹೀಗೆ ಹಿಗ್ಗಿ ಕುಗ್ಗಲು ಎಡೆ ಇರುವುದರಿಂದಲೇ ಬಾಗಿಲು ಬಿರುಕು ಬಿಟ್ಟಿಲ್ಲ. ಮಿಂಗ್ ಕಾಲದ ಚೀನೀ ಬಡಗಿಗಳು ಪೂರ್ಣಗೊಳಿಸಿದ ಈ ಕ್ರಮವನ್ನು ನಮ್ಮ ಹಳೆಯ ತೊಟ್ಟಿಮನೆಗಳ ಬಾಗಿಲುಗಳಲ್ಲಿಯೂ ಕಾಣಬಹುದು. ಇದೇ ಬೀರುವಿನ ಮೇಲ್ಭಾಗದ ವಿಷಯದಲ್ಲಿ ಮಾತ್ರ ನನಗೆ ಅಸಮಾಧಾನವಿದೆ. ಅಗಲವಾದ ಒಂದೇ ಹಲಗೆಯಂತೆ ಕಾಣಲಿ ಎಂದು ಅಲ್ಲಿ ನಾಲ್ಕೈದು ಹಲಗೆಗಳನ್ನು ಬಿಗಿಯಾಗಿ ಅಂಟಿಸಿ ಕೆಳಗಿನಿಂದ ಸ್ಕ್ರೂ ಹೊಡೆದಿದ್ದಾರೆ. ಮೊದಲ ಬೇಸಿಗೆಯಲ್ಲಿಯೇ ಒಂದು ಮೂಲೆಯಿಂದ ಸೀಳು ಹೊರಟಿತು. ಜಾವಾದ ಆರ್ದ್ರ ಹವೆಯಲ್ಲಿ ಸಾಕಷ್ಟು ಒಣಗಿದ್ದ ಮರ ಬೆಂಗಳೂರಿನ ಬೇಸಿಗೆಗೆ ಸಾಕಾಗುವಷ್ಟು ಒಣಗಿರಲಿಲ್ಲ ಎಂಬುದು ಇದರ ಅರ್ಥ. ಮಳಿಗೆಯವರು ದೂರನ್ನು ಅಲ್ಲಗಳೆಯಲಿಲ್ಲ. ತಮ್ಮ ಬಡಗಿಯನ್ನು ಕಳಿಸಿ, ಸೀಳಿನೊಳಗೆ ಅದೇ ಮರದ ತೆಳುಪಟ್ಟಿಯನ್ನು ಕೂರಿಸಿ, ಸ್ಕ್ರೂಗಳ ತೂತನ್ನು ಉದ್ದಕ್ಕೆ ಅಗಲಿಸಿಕೊಟ್ಟರು. ಆ ಮೇಲೆ ತೊಂದರೆಯಾಗಿಲ್ಲ. ಆದರೂ ಇಷ್ಟು ಬೆಲೆಯ ವಸ್ತುವಿನಲ್ಲಿ ಈ ಎಚ್ಚರಿಕೆಯನ್ನು ಮೊದಲೇ ವಹಿಸಬೇಕಿತ್ತು. ಕೊಳ್ಳುವ ಮೊದಲು ಮರದ ತೇವಾಂಶವನ್ನು ಅಳೆದು ತೋರಿಸಿ ಎಂದು ಕೇಳಿ. ಅಳೆಯುವ ಸಣ್ಣ ಯಂತ್ರ ಒಳ್ಳೆಯ ಮಳಿಗೆಗಳಲ್ಲಿ ಇರುತ್ತದೆ. ಶೇಕಡಾ 8ರಿಂದ 12ರ ನಡುವೆ ಇದ್ದರೆ ನಮ್ಮ ಊರಿಗೆ ಚಿಂತೆಯಿಲ್ಲ.

ಎಲ್ಲ ಮಳಿಗೆಗಳೂ ಹೀಗಿರುವುದಿಲ್ಲ. ಬೇರೊಂದು ಕಡೆ ‘ಬರ್ಮಾ ತೇಗ’ವೆಂದು ನಂಬಿಸಿ ನಮಗೆ ಮಾರಿದ ತಗ್ಗು ಮೇಜಿನ ಕಾಲುಗಳು ರಬ್ಬರ್ ಮರದವಾಗಿದ್ದವು, ಮೇಲ್ಮೈ ಅಂಟಿಸಿದ ತೆಳುಹಾಳೆಯಾಗಿತ್ತು. ನೆಲ ಒರೆಸುವಾಗ ಕಾಲಿಗೆ ನೀರು ತಾಗಿ ತಾಗಿ ಬಣ್ಣ ಬಿಟ್ಟಾಗ ಒಳಗಿನ ಬಿಳಿಮರ ಹೊರಬಿತ್ತು. ರಬ್ಬರ್ ಮರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸರಿಯಾಗಿ ಸಂಸ್ಕರಿಸಿದ್ದರೆ ಅದರಿಂದ ಗಟ್ಟಿಮುಟ್ಟಾದ ಸಾಮಾನು ಮಾಡಬಹುದು. ಅದನ್ನು ತೇಗದ ಹೆಸರಿನಲ್ಲಿ, ತೇಗದ ಬೆಲೆಗೆ ಮಾರುವುದು ಮಾತ್ರ ಮೋಸ. ಮೇಜನ್ನು ತಲೆಕೆಳಗು ಮಾಡಿ, ಪಾಲಿಶ್ ಇಲ್ಲದ ತಳಭಾಗವನ್ನು ನೋಡದೆ ಯಾವುದನ್ನೂ ಕೊಳ್ಳಬೇಡಿ. ಮೇಲ್ಮೈಯ ಎಳೆಗಳು ಅಂಚಿನಲ್ಲಿ ತಿರುಗಿ ತಳದಲ್ಲಿಯೂ ಮುಂದುವರಿದಿದ್ದರೆ ಅದು ಗಟ್ಟಿಮರ. ಅಂಚಿನಲ್ಲಿ ನಿಂತುಬಿಟ್ಟಿದ್ದರೆ ಅಂಟಿಸಿದ ಹಾಳೆ.

ಕುರ್ಚಿಗಳ ವಿಚಾರಕ್ಕೆ ಬರೋಣ. ಬೆನ್ನಿನಿಂದ ಹೊರಟು ಎರಡೂ ಕಡೆಗೆ ಇಳಿದು ಕೈಯಾನಿಕೆಯಾಗುವ ದುಂಡು ತೋಳಿನ ಚೀನೀ ಕುರ್ಚಿ ಈಗ ಎಲ್ಲೆಡೆ ಕಾಣುತ್ತದೆ. ಮೂಲ ಚೀನೀ ಕುರ್ಚಿಯಲ್ಲಿ ಆ ದುಂಡನ್ನು ಮರ ಬಗ್ಗಿಸಿ ಮಾಡುವುದಿಲ್ಲ. ಮೂರು ಅಥವಾ ಐದು ತುಂಡುಗಳನ್ನು ಬಾಗಿದ ಆಕಾರಕ್ಕೆ ಕೆತ್ತಿ, ತುದಿಗಳನ್ನು ಒಂದರ ಮೇಲೊಂದು ಕೂರಿಸಿ, ನಡುವೆ ಸಣ್ಣ ಬೆಣೆ ಹೊಡೆದು ಬಿಗಿಮಾಡುತ್ತಾರೆ. ಡೆನ್ಮಾರ್ಕಿನ ವಿನ್ಯಾಸಕಾರ ಹಾನ್ಸ್ ವೆಗ್ನರ್ ಇದೇ ಕುರ್ಚಿಯಿಂದ ಸ್ಫೂರ್ತಿ ಪಡೆದು 1944ರಲ್ಲಿ ‘ಚೈನಾ ಚೇರ್’ ರೂಪಿಸಿದರು. 1949ರಲ್ಲಿ ರೂಪಿಸಿದ, ಇಂಗ್ಲಿಷಿನ ವೈ ಅಕ್ಷರದ ಬೆನ್ನಿರುವ ಇನ್ನೊಂದು ಕುರ್ಚಿ ಅದಕ್ಕಿಂತಲೂ ಪ್ರಸಿದ್ಧವಾಯಿತು. ಅದರ ಆಸನವನ್ನು ಹೊಸೆದ ಕಾಗದದ ದಾರದಿಂದ ಕೈಯಲ್ಲೇ ಹೆಣೆಯುತ್ತಾರೆ, ಒಂದು ಕುರ್ಚಿಗೆ ಸುಮಾರು 120 ಮೀಟರ್ ದಾರ ಬೇಕಾಗುತ್ತದೆ. ಬೆಂಗಳೂರಿನ ಮಳಿಗೆಗಳಲ್ಲಿ ಸಿಗುವುದು ಹೆಚ್ಚಾಗಿ ಈ ಡೇನಿಷ್ ಕುರ್ಚಿಯ ನಕಲುಗಳು. ನಾವು ಎರಡೂ ಬಗೆಯನ್ನು ತಂದೆವು. ಚೀನೀ ಮಾದರಿಯ ಕುರ್ಚಿಯ ಆಸನ ಎತ್ತರ, ಬೆನ್ನು ನೇರ. ಮುಂದೆ ಕಾಲಿಡಲು ಅಡ್ಡಪಟ್ಟಿ ಇದೆ. ಒರಗಿಕೊಳ್ಳುವವರಿಗೆ ಇದು ಹಿತವಲ್ಲ. ಆದರೆ ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಕುರ್ಚಿಯನ್ನು ನಾನು ಕಂಡಿಲ್ಲ: ಎತ್ತರದ ಆಸನದಿಂದ, ಎರಡು ಕೈಗಳನ್ನೂ ಗಟ್ಟಿಯಾಗಿ ಊರಿಕೊಂಡು, ಯಾರ ಸಹಾಯವೂ ಇಲ್ಲದೆ ಏಳಬಹುದು. ನಮ್ಮ ತಂದೆಯವರು ಪೇಪರ್ ಓದಲು ಬೇರೆ ಕುರ್ಚಿಯನ್ನು ಮುಟ್ಟುವುದೇ ಇಲ್ಲ. ಕಾಗದದ ದಾರದ ಕುರ್ಚಿ ಬೆಂಗಳೂರಿನಲ್ಲಿ ಚೆನ್ನಾಗಿದೆ; ಉಡುಪಿಯ ಮನೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಹವೆಯಲ್ಲಿ ದಾರ ಸಡಿಲಿಸಿ ಬೂಷ್ಟು ಹಿಡಿಯಿತು. ಕರಾವಳಿಯವರು ಬೆತ್ತದ ಹೆಣಿಗೆಯ ಆಸನವನ್ನೇ ಕೇಳಿ ಪಡೆಯುವುದು ಒಳ್ಳೆಯದು, ಅದನ್ನು ಮತ್ತೆ ಹೆಣೆದುಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ತಗ್ಗು ಮಂಚ, ತಗ್ಗು ಮೇಜು, ನೆಲದ ಮೇಲಿನ ದಪ್ಪ ಆಸನ ಇವುಗಳ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸವಿರುವ ನಮಗೆ ಜಪಾನಿನ ತಗ್ಗು ಮೇಜು ಒಡನೆಯೇ ಒಗ್ಗಿಕೊಳ್ಳುತ್ತದೆ. ಮಕ್ಕಳ ಓದು, ಮಧ್ಯಾಹ್ನದ ಕಾಫಿ, ಹಬ್ಬದ ದಿನ ತರಕಾರಿ ಹೆಚ್ಚುವ ಕೆಲಸ ಎಲ್ಲವೂ ಅದರ ಸುತ್ತಲೇ ನಡೆಯುತ್ತವೆ. ಹಾಸಿಗೆಯನ್ನು ಬೆಳಿಗ್ಗೆ ಸುತ್ತಿಟ್ಟು ಕೋಣೆಯನ್ನು ಬೇರೆ ಕೆಲಸಕ್ಕೆ ತೆರವು ಮಾಡುವ ಅವರ ಪದ್ಧತಿ ನಮ್ಮ ಹಿಂದಿನವರದ್ದೂ ಆಗಿತ್ತು. ಆದರೆ ಮಳಿಗೆಗಳು ಬಹಳ ಉತ್ಸಾಹದಿಂದ ಮಾರುವ ತಾತಾಮಿ ಹಾಸುಗಳನ್ನು ನಮ್ಮ ನಾಡಿನ ಮಳೆಗಾಲಕ್ಕೆ ನಾನು ಶಿಫಾರಸು ಮಾಡಲಾರೆ. ಸಾಂಪ್ರದಾಯಿಕ ತಾತಾಮಿ ಎಂದರೆ ಒತ್ತಿ ಹೊಲಿದ ಭತ್ತದ ಹುಲ್ಲಿನ ದಪ್ಪ ತಿರುಳು, ಅದರ ಮೇಲೆ ಇಗುಸಾ ಎಂಬ ಜೊಂಡಿನ ನೇಯ್ಗೆ, ಅಂಚಿಗೆ ಬಟ್ಟೆಯ ಪಟ್ಟಿ. ಕ್ಯೋಟೋ ಅಳತೆಯದು 191 ಸೆಂಟಿಮೀಟರ್ ಉದ್ದ, 95.5 ಸೆಂಟಿಮೀಟರ್ ಅಗಲ. ಜಪಾನಿನ ಮರದ ಮನೆಗಳಲ್ಲಿ ನೆಲದ ಕೆಳಗೆ ಗಾಳಿಯಾಡುತ್ತದೆ. ಅಲ್ಲಿಯೂ ತಾತಾಮಿಯನ್ನು ಎತ್ತಿ ಒಣಗಿಸುವ ರೂಢಿಯಿದೆ. ನಮ್ಮ ವಿಟ್ರಿಫೈಡ್ ಟೈಲ್ಸಿನ ಮೇಲೆ ಅದನ್ನು ನೇರವಾಗಿ ಹಾಸಿದರೆ ತಳದಲ್ಲಿ ತೇವ ಕೂಡಿಕೊಂಡು ವಾಸನೆ ಬರತೊಡಗುತ್ತದೆ. ತಾತಾಮಿಯ ಮೇಲ್ಮೈಯ ತಂಪು, ಹುಲ್ಲಿನ ಕಂಪು, ಬರಿಗಾಲಿಗೆ ಸಿಗುವ ಹಿತ ಇವೇ ನಿಮಗೆ ಬೇಕಾಗಿದ್ದರೆ ತಮಿಳುನಾಡಿನ ತಿರುನೆಲ್ವೇಲಿ ಸಮೀಪದ ಪತ್ತಮಡೈ ಊರಿನ ಕೋರೆಹುಲ್ಲಿನ ಚಾಪೆಯನ್ನು ತನ್ನಿ. ತಾಮ್ರಪರ್ಣಿ ನದಿಯ ತೀರದ ಹುಲ್ಲನ್ನು ಸೀಳಿ ನೆನೆಸಿ ನೇಯ್ದ ಅದರ ನಯವಾದ ಬಗೆ ಬಟ್ಟೆಯಷ್ಟು ಮೆದುವಾಗಿ ಮಡಿಕೆಯಾಗುತ್ತದೆ, ಒದ್ದೆಯಾದರೆ ಬಿಸಿಲಿಗೆ ಹಾಕಿ ಒಣಗಿಸಬಹುದು. ತಗ್ಗು ಮಂಚವನ್ನಂತೂ ಕೊಳ್ಳುವ ಮೊದಲು ಮನೆಯಲ್ಲಿ ಕಸ ಗುಡಿಸುವವರನ್ನು ಕೇಳಿಕೊಳ್ಳಿ: ಪೊರಕೆಯೂ ಹೋಗದ, ಎತ್ತಲೂ ಆಗದ ಮಂಚದ ಕೆಳಗೆ ಸೇರುವ ಧೂಳಿನ ಬಗ್ಗೆ ಯಾವ ಮಳಿಗೆಯವರೂ ಹೇಳುವುದಿಲ್ಲ.

ನಾವು ತಂದ ವಸ್ತುಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಕಾಗದದ ದೀಪ. ಅಮೆರಿಕದ ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಜಪಾನಿನ ಗಿಫು ನಗರಕ್ಕೆ ಹೋಗಿದ್ದಾಗ, ನಗಾರಾ ನದಿಯಲ್ಲಿ ನೀರುಕಾಗೆಗಳನ್ನು ಬಿಟ್ಟು ರಾತ್ರಿ ಮೀನು ಹಿಡಿಯುವುದನ್ನು ಕಂಡರು. ಕಾಗದ ಮತ್ತು ಬಿದಿರಿನ ಲಾಂದ್ರಗಳಿಗೆ ಹೆಸರಾದ ಆ ಊರಿನ ಕುಶಲಕರ್ಮಿಗಳ ಜೊತೆಗೂಡಿ ‘ಅಕಾರಿ’ ಎಂಬ ದೀಪಗಳನ್ನು ರೂಪಿಸಿದರು. ಅಲ್ಲಿಗೆ ಸಮೀಪದ ಮಿನೋ ಎಂಬಲ್ಲಿ ಕೈಯಿಂದ ತಯಾರಿಸುವ ಕಾಗದವನ್ನು ಯುನೆಸ್ಕೊ 2014ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂಲ ಅಕಾರಿಯ ಬೆಲೆ ಎಲ್ಲರಿಗೂ ಎಟಕುವಂಥದ್ದಲ್ಲ. ಅದೇ ಮಾದರಿಯ ಅಗ್ಗದ ದೀಪಗಳು ಈಗ ಎಲ್ಲೆಡೆ ಸಿಗುತ್ತವೆ, ಅವುಗಳಲ್ಲಿ ಒಳ್ಳೆಯದನ್ನು ಆರಿಸಲು ಒಂದು ದಾರಿಯಿದೆ. ದೀಪ ಹಚ್ಚಿಸಿ ಹತ್ತಿರ ಹೋಗಿ ನೋಡಿ. ಉಪ್ಪುನೇರಳೆಯ ಬಂಧುವಾದ ಕೋಜೋ ಗಿಡದ ನಾರಿನಿಂದ ಮಾಡಿದ ಕಾಗದದಲ್ಲಿ ಉದ್ದುದ್ದ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಬೆಳಕು ಎಲ್ಲಿಯೂ ಚುಚ್ಚದೆ ಸಮನಾಗಿ ಹರಡುತ್ತದೆ. ಮರದ ತಿರುಳಿನ ಸಾಮಾನ್ಯ ಕಾಗದವಾದರೆ ನಾರು ಕಾಣುವುದಿಲ್ಲ, ಬಲ್ಬು ಇರುವ ಜಾಗ ಬಿಳಿ ಚುಕ್ಕೆಯಾಗಿ ಕಣ್ಣಿಗೆ ಹೊಡೆಯುತ್ತದೆ, ಕಾಗದ ಬೇಗ ಹಳದಿಯಾಗುತ್ತದೆ. ಪಕ್ಕೆಲುಬಿನ ಸುರುಳಿ ಬಿದಿರಿನದಾಗಿದ್ದರೆ ಗೋಲದ ಆಕಾರ ಸಣ್ಣಗೆ ಏರುಪೇರಾಗಿರುತ್ತದೆ. ಅದೇ ಅದರ ಚೆಲುವು. ತಂತಿಯದಾದರೆ ಕರಾವಳಿಯಲ್ಲಿ ತುಕ್ಕು ಹಿಡಿದು ಕಾಗದಕ್ಕೆ ಕಲೆ ಬೀಳುತ್ತದೆ. ನಮ್ಮ ಪಡಸಾಲೆಯ ಚಾವಣಿಯಲ್ಲಿದ್ದ ಬಿಳಿ ಪ್ಯಾನೆಲ್ ದೀಪಗಳನ್ನು ಆರಿಸಿ ಮೂಲೆಯಲ್ಲಿ ಈ ಒಂದು ದೀಪವನ್ನು ನೆಲಕ್ಕೆ ಹತ್ತಿರವಾಗಿ ತೂಗುಹಾಕಿದ ಮೇಲೆ, ಮನೆಯ ಉಳಿದ ಸಾಮಾನುಗಳ ಬಣ್ಣವೇ ಬದಲಾದಂತೆ ಕಂಡಿತು. ಬೆಚ್ಚನೆಯ ಹಳದಿ ಬೆಳಕಿನ, ಕಡಿಮೆ ಶಕ್ತಿಯ ಎಲ್‌ಇಡಿ ಬಲ್ಬನ್ನೇ ಹಾಕಿ. ಮುಂಗಾರಿನ ಮೊದಲ ಮಳೆಯ ಸಂಜೆ ಬರುವ ಹುಳುಗಳು ದೀಪದೊಳಗೆ ಬಿದ್ದು ಕಪ್ಪು ಚುಕ್ಕೆಗಳಾಗುತ್ತವೆ, ಆದ್ದರಿಂದ ಆ ದಿನಗಳಲ್ಲಿ ಮೇಲಿನ ಬಾಯಿಗೆ ತೆಳುಬಟ್ಟೆ ಕಟ್ಟಬೇಕು.

ಇದೇ ಕಾಗದದ ಆಸೆಯಿಂದ ತಂದ ಮಡಿಚುವ ಪರದೆ ಅಷ್ಟು ತೃಪ್ತಿ ಕೊಡಲಿಲ್ಲ. ಜಪಾನಿನ ಶೋಜಿ ಎಂಬ ಕಾಗದದ ಬಾಗಿಲಿನ ಅನುಕರಣೆಯಾದ ಅದರಲ್ಲಿ ಮರದ ಜಾಲರಿಯ ಹಿಂದೆ ಅಂಟಿಸಿರುವುದು ಪ್ಲಾಸ್ಟಿಕ್ ಬೆರೆತ ಹಾಳೆ. ಶೋಜಿಯ ಕಾಗದ ಹರಿಯುವಂಥದ್ದೇ. ಜಪಾನಿನ ಮನೆಗಳಲ್ಲಿ ವರ್ಷದ ಕೊನೆಗೆ ಹಳೆಯದನ್ನು ನೆನೆಸಿ ಕಿತ್ತು ಹೊಸದನ್ನು ಗಂಜಿಯಿಂದ ಅಂಟಿಸುವುದು ವಾಡಿಕೆ. ಪ್ಲಾಸ್ಟಿಕ್ ಹಾಳೆ ಹರಿಯುವುದಿಲ್ಲವಾದರೂ ಧೂಳನ್ನು ಎಳೆದುಕೊಳ್ಳುತ್ತದೆ, ಬೆಳಕಿಗೆ ಮಂಕಾಗುತ್ತದೆ. ಊಟದ ಮೇಜನ್ನು ಪಡಸಾಲೆಯಿಂದ ಬೇರ್ಪಡಿಸಲು ಇಂತಹ ಪರದೆಯೇ ಬೇಕೆಂದಿದ್ದರೆ ಕಾಗದವಿಲ್ಲದ, ತೇಗದ ಅಡ್ಡಪಟ್ಟಿಗಳ ಪರದೆಯನ್ನು ನಮ್ಮ ಬಡಗಿಗಳಿಂದಲೇ ಮಾಡಿಸಿಕೊಳ್ಳಬಹುದು. ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡೆ ವಸತಿಗೃಹವನ್ನು 1930ರ ದಶಕದಲ್ಲಿ ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ಅವರು ಜಪಾನಿನ ಅನುಭವದಿಂದ ವಿನ್ಯಾಸಗೊಳಿಸಿದಾಗ ಗಾಳಿಯಾಡಲೆಂದು ತೇಗದ ಪಟ್ಟಿಗಳ ಸರಿಯುವ ಬಾಗಿಲುಗಳನ್ನೇ ಬಳಸಿದರು. ಅಲ್ಲಿ ಕಟ್ಟಡದ ಉಸ್ತುವಾರಿ ನೋಡಿಕೊಂಡು ಪೀಠೋಪಕರಣಗಳನ್ನೂ ರೂಪಿಸಿದ ಜಾರ್ಜ್ ನಕಾಶಿಮಾ ಮುಂದೆ ಅಮೆರಿಕದ ಅತಿ ದೊಡ್ಡ ಮರಗೆಲಸದವರಲ್ಲಿ ಒಬ್ಬರೆನಿಸಿಕೊಂಡರು. ಜಪಾನಿನ ಮರಗೆಲಸ ದಕ್ಷಿಣ ಭಾರತದ ಸೆಕೆಗೆ ಹೇಗೆ ಹೊಂದಿಕೊಳ್ಳಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ.

ಮೆರುಗಿನ ಬಟ್ಟಲು, ತಟ್ಟೆ, ಪೆಟ್ಟಿಗೆಗಳ ವಿಷಯದಲ್ಲಿ ಗೊಂದಲ ಬಹಳವಿದೆ, ಏಕೆಂದರೆ ಮೂರು ಬೇರೆ ಬೇರೆ ಲೇಪಗಳನ್ನು ಮಳಿಗೆಯವರು ಒಟ್ಟಾಗಿ ‘ಲ್ಯಾಕರ್’ ಎಂದು ಮಾರುತ್ತಾರೆ. ಜಪಾನ್ ಚೀನಾಗಳಲ್ಲಿ ಬಳಸುವುದು ಒಂದು ಜಾತಿಯ ಮರದ ಸೊನೆ, ಅದಕ್ಕೆ ಜಪಾನಿನಲ್ಲಿ ಉರುಶಿ ಎನ್ನುತ್ತಾರೆ. ಬರ್ಮಾದ ಬಗಾನ್ ಪಟ್ಟಣದವರು ಬಳಸುವ ಥಿತ್ಸಿ ಇನ್ನೊಂದು ಮರದ ಸೊನೆ. ಇವೆರಡೂ ನಮ್ಮ ಮಾವು, ಗೇರುಗಳ ಕುಟುಂಬಕ್ಕೆ ಸೇರಿದ ಮರಗಳು. ಗೇರಿನ ಸೊನೆ ತಾಗಿ ಚರ್ಮ ಸುಟ್ಟುಕೊಂಡಿರುವ ಕರಾವಳಿಯವರಿಗೆ ಉರುಶಿಯ ಹಸಿಸೊನೆ ಏಕೆ ಕೆಲಸಗಾರರ ಕೈಗೆ ತುರಿಗಜ್ಜಿ ಎಬ್ಬಿಸುತ್ತದೆ ಎಂದು ವಿವರಿಸಿ ಹೇಳಬೇಕಾಗಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಬದಲಿ ಮೆರುಗನ್ನೂ ಜಪಾನಿನವರು ಬಳಸುತ್ತಾರೆ. ಸಾಮಾನ್ಯ ಬಣ್ಣದಂತೆ ಉರುಶಿ ಒಣ ಗಾಳಿಯಲ್ಲಿ ಗಟ್ಟಿಯಾಗುವುದಿಲ್ಲ. ಬೆಚ್ಚಗಿನ ತೇವದ ಗಾಳಿಯಲ್ಲಿ ಇಟ್ಟಾಗ ಮಾತ್ರ ಗಟ್ಟಿಯಾಗುತ್ತದೆ, ಪದರ ಒಣಗಿದ ಮೇಲೆ ಪದರವಾಗಿ ಹಚ್ಚುವುದರಿಂದ ಒಂದು ಬಟ್ಟಲಿಗೆ ತಿಂಗಳುಗಳೇ ಹಿಡಿಯುತ್ತವೆ. ಒಮ್ಮೆ ಗಟ್ಟಿಯಾದರೆ ಬಿಸಿ ಸಾರಿಗೂ ಹೆದರುವುದಿಲ್ಲ. ಬಗಾನಿನ ಅತ್ಯುತ್ತಮ ಬಟ್ಟಲುಗಳ ಒಳಗೆ ಸೀಳಿದ ಬಿದಿರು ಮತ್ತು ಕುದುರೆಯ ಕೂದಲಿನ ಹೆಣಿಗೆ ಇರುತ್ತದೆ. ಬಾಯಿಯ ಎರಡು ಬದಿಗಳನ್ನು ಬೆರಳಿನಿಂದ ಒತ್ತಿ ಒಂದಕ್ಕೊಂದು ತಾಗಿಸಿ ಬಿಟ್ಟರೂ ಮೆರುಗು ಬಿರಿಯುವುದಿಲ್ಲ. ಮಳಿಗೆಯಲ್ಲಿ ನಾನು ಹೀಗೆ ಒತ್ತಿನೋಡಲು ಅನುಮತಿ ಕೇಳಿದಾಗ ಅವರು ಸಂತೋಷದಿಂದಲೇ ಕೊಟ್ಟರು. ಹಾಗೆ ಕೊಡದಿದ್ದರೆ ಕೊಳ್ಳಬೇಡಿ, ಅಂಥ ಬಟ್ಟಲಿನ ಒಳಗಿರುವುದು ಅಚ್ಚು ಹಾಕಿದ ಹೊಟ್ಟು, ಮೇಲಿರುವುದು ಪಾಲಿಯೆಸ್ಟರ್ ಬಣ್ಣ ಎಂದುಕೊಳ್ಳಬಹುದು.

ಮೂರನೆಯದು ನಮ್ಮ ಚನ್ನಪಟ್ಟಣದ ಅರಗು. ಅದು ಮರದ ಸೊನೆಯಲ್ಲ, ಕೀಟ ಸ್ರವಿಸುವ ವಸ್ತು. ಹಾಲೆಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆ ಮೇಲೆ ಕೇದಿಗೆ ಜಾತಿಯ ಗಿಡದ ಒಣಗಿದ ಓಲೆಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಈ ಕಸುಬಿಗೆ ಜಪಾನಿನ ಗೊಂಬೆ ತಯಾರಿಕೆಯ ವಿಧಾನಗಳನ್ನು ತಂದು ಹೊಸ ಜೀವ ಕೊಟ್ಟವರು ಬಾವಾಸ್ ಮಿಯಾನ್ ಎಂದು ಚನ್ನಪಟ್ಟಣದವರು ಇಂದಿಗೂ ನೆನೆಯುತ್ತಾರೆ. ಹೀಗಾಗಿ ಜಪಾನಿ ಮಾದರಿಯ ಕೋಣೆಯಲ್ಲಿ ಚನ್ನಪಟ್ಟಣದ ಡಬ್ಬಿ, ದೀಪದ ಕಂಬ, ಗೋಡೆಯ ಗೂಟಗಳನ್ನು ಇಟ್ಟರೆ ಅವು ಪರಕೀಯವಾಗಿ ಕಾಣುವುದಿಲ್ಲ. ಈಗ ಅಲ್ಲಿನ ಕೆಲವು ಕುಶಲಕರ್ಮಿಗಳು ಹಳದಿ ಕೆಂಪುಗಳನ್ನು ಬಿಟ್ಟು ಬೂದಿ, ದಂತ, ಕಡುನೀಲಿ ಬಣ್ಣಗಳಲ್ಲಿಯೂ ಕೇಳಿದ ಅಳತೆಗೆ ಕಡೆದು ಕೊಡುತ್ತಾರೆ. ನಾವು ಮಾಡಿಸಿದ ಡಬ್ಬಿಗಳ ಮುಚ್ಚಳ ಎಷ್ಟು ಕರಾರುವಾಕ್ಕಾಗಿ ಕೂರುತ್ತದೆಯೆಂದರೆ ಮುಚ್ಚುವಾಗ ಒಳಗಿನ ಗಾಳಿ ಹೊರಗೆ ತಳ್ಳಿಕೊಂಡು ಬರುವುದು ಬೆರಳಿಗೆ ತಿಳಿಯುತ್ತದೆ. ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿಗೆ ಕರಗುತ್ತದೆ. ಅದರ ಮೇಲೆ ಕಾಫಿ ಲೋಟ ಇಡಬೇಡಿ, ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಮುಟ್ಟಬೇಡಿ.

ಬುದ್ಧನ ತಲೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ತರಬೇಡಿ. ಸ್ನಾನದ ಕೋಣೆಯ ಪಕ್ಕದಲ್ಲಿ, ಕಾರಂಜಿಯ ಬುಡದಲ್ಲಿ, ಚಪ್ಪಲಿ ಗೂಡಿನ ಮೇಲೆ ಇಡಲೆಂದು ಇದನ್ನು ಮಾರುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಥಾಯ್ಲೆಂಡಿನಲ್ಲಿ ಬುದ್ಧನ ಪ್ರತಿಮೆಗಳನ್ನು ಅಲಂಕಾರದ ವಸ್ತುವಾಗಿ ಬಳಸಬಾರದೆಂದು ಪ್ರವಾಸಿಗರಿಗೆ ತಿಳಿಹೇಳುವ ಫಲಕಗಳೇ ಇವೆ, ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿಯಿಲ್ಲದೆ ಅವುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬರಿಯ ತಲೆಯನ್ನು ಪೀಠದ ಮೇಲಿಟ್ಟು ನೋಡುವ ಅಭಿರುಚಿಯ ಹಿಂದೆ, ಮೂರ್ತಿಗಳ ತಲೆಗಳನ್ನು ಕಡಿದು ಸಾಗಿಸಿದ ಕಳ್ಳವ್ಯಾಪಾರದ ಇತಿಹಾಸವಿದೆ. ನಮ್ಮ ದೇವಾಲಯದ ಮೂರ್ತಿಯೊಂದರ ತಲೆಯನ್ನು ಯಾರಾದರೂ ಹೀಗೆ ಇಟ್ಟುಕೊಂಡರೆ ನಾವು ಒಪ್ಪುವುದಿಲ್ಲ.

ಬೌದ್ಧ ಜಗತ್ತಿನ ಕಲೆ ಮನೆಯಲ್ಲಿ ಇರಬೇಕೆಂಬ ಪ್ರೀತಿ ಇದ್ದವರಿಗೆ ಬೈಲಕುಪ್ಪೆ ಹತ್ತಿರದಲ್ಲೇ ಇದೆ. 1960ರ ದಶಕದ ಆರಂಭದಲ್ಲಿ, ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದ ಈ ಊರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಕುಶಾಲನಗರದ ದಾರಿಯಲ್ಲಿ ಸ್ವರ್ಣಮಂದಿರ ನೋಡಿಕೊಂಡು ಹೋಗುವವರಲ್ಲಿ ಹೆಚ್ಚಿನವರು ಅಲ್ಲಿನ ಜಮಖಾನೆಗಳನ್ನು ಗಮನಿಸುವುದೇ ಇಲ್ಲ. ಟಿಬೆಟಿನ ಗಂಟಿನ ವಿಧಾನವೇ ಬೇರೆ: ಮಗ್ಗದ ಮೇಲೆ ಅಡ್ಡಲಾಗಿ ಒಂದು ಸರಳನ್ನು ಹಿಡಿದು, ಉಣ್ಣೆಯ ಎಳೆಯನ್ನು ಹಾಸುದಾರಗಳ ಸುತ್ತ ಬಳಸಿ ಸರಳಿನ ಮೇಲೆ ಸುತ್ತುತ್ತ ಹೋಗುತ್ತಾರೆ, ಸಾಲು ಮುಗಿದ ಮೇಲೆ ಬಡಿದು ಕೂರಿಸಿ, ಸರಳಿನುದ್ದಕ್ಕೂ ಚಾಕು ಎಳೆದರೆ ಕುಣಿಕೆಗಳೆಲ್ಲ ಕತ್ತರಿಸಿ ಉಣ್ಣೆಯ ತುದಿಗಳು ಮೇಲೇಳುತ್ತವೆ. ಕೊನೆಗೆ ಕತ್ತರಿಯಿಂದ ಚಿತ್ರದ ಅಂಚುಗಳನ್ನು ಇಳಿಜಾರಾಗಿ ಕತ್ತರಿಸುವುದರಿಂದ ಡ್ರ್ಯಾಗನ್ನೋ ತಾವರೆಯೋ ನೆಲದಿಂದ ಸ್ವಲ್ಪ ಮೇಲೆದ್ದಂತೆ ಕಾಣುತ್ತದೆ. ಮಲಗಲು ಮತ್ತು ಕೂರಲು ಬಳಸುವ ಮೂರು ಅಡಿ ಅಗಲ, ಆರು ಅಡಿ ಉದ್ದದ ಸಾಂಪ್ರದಾಯಿಕ ಅಳತೆಯದನ್ನು ನಾವು ತಂದೆವು. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ತಗ್ಗು ಮೇಜಿನ ಬಳಿ ಅದರ ಮೇಲೆ ಕೂರುವ ಸುಖಕ್ಕೆ ಬೇರೆ ಯಾವ ಆಸನವೂ ಸಮನಲ್ಲ. ಅದರ ಜೊತೆಗೆ ಅವರ ಮಡಿಚುವ ತಗ್ಗು ಮೇಜನ್ನೂ ನೋಡಿ. ಚೋಕ್ಸೆ ಎಂದು ಕರೆಯುವ ಅದರ ಮೂರು ಬದಿಗಳಲ್ಲಿ ಕೆತ್ತಿ ಬಣ್ಣ ತುಂಬಿದ ಹಲಗೆಗಳಿರುತ್ತವೆ. ಬಣ್ಣ ಗಾಢ, ಆದ್ದರಿಂದ ಸಣ್ಣ ಕೋಣೆಗೆ ಒಂದೇ ಸಾಕು.

ಉಣ್ಣೆಯ ಜಮಖಾನೆಗೆ ನುಸಿ ಬೀಳುವ ಭಯವಿರುವುದರಿಂದ ಮಳೆಗಾಲದಲ್ಲಿ ಅದನ್ನು ಸುತ್ತಿಟ್ಟು ಮರೆಯಬಾರದು. ಹಾಸಿಕೊಂಡು ಬಳಸುತ್ತಿದ್ದರೆ, ಬಿಸಿಲು ಬಂದ ದಿನ ತಿರುವಿ ಹಾಕಿದರೆ ಏನೂ ಆಗುವುದಿಲ್ಲ. ಬಿಸಿಲಿಗೆ ಹಾಕುವಾಗ ಹಿಂಬದಿ ಮೇಲಿರಲಿ, ಬಣ್ಣ ಮಾಸುವುದಿಲ್ಲ. ನಮ್ಮ ಅಳತೆಗೆ, ನಮ್ಮ ಬಣ್ಣಕ್ಕೆ ಬೇಕೆಂದರೆ ಮುಂಗಡ ಕೊಟ್ಟು ಹೇಳಿ ಬರಬೇಕು. ಕೈಮಗ್ಗದ ಕೆಲಸವಾದ್ದರಿಂದ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಬೆಲೆಯಲ್ಲಿ ಚೌಕಾಸಿಗೆ ಹೆಚ್ಚು ಎಡೆಯಿಲ್ಲ. ನೂಲು ಪೂರ್ತಿ ಉಣ್ಣೆಯದೇ, ಹಾಸುದಾರ ಹತ್ತಿಯದೇ ಎಂಬುದನ್ನು ಮಾತ್ರ ರಸೀದಿಯಲ್ಲಿ ಬರೆಸಿಕೊಳ್ಳಿ.